ತೂಕ ಇಳಿಸುವ ಚುಚ್ಚುಮದ್ದು: ಶುರು ಮಾಡುವ ಮುನ್ನ, ಮಾಡಿದ ಮೇಲೆ

ವಾರಕ್ಕೊಂದು ಚುಚ್ಚುಮದ್ದು, ತಿಂಗಳುಗಳಲ್ಲಿ ಹತ್ತಾರು ಕಿಲೋ ಇಳಿಕೆ. ಟಿರ್ಜೆಪಟೈಡ್ (ಮೌಂಜಾರೊ) 2025ರ ಮಾರ್ಚ್‌ನಲ್ಲಿ, ಸೆಮಾಗ್ಲುಟೈಡ್ (ವೆಗೋವಿ) ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಇಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ 2026ರ ಮಾರ್ಚ್‌ನಲ್ಲಿ ಮುಗಿದು, ಬೇರೆ ಕಂಪನಿಗಳಿಗೂ ದಾರಿ ತೆರೆಯಿತು. ಮದುವೆ ಹತ್ತಿರ ಬಂತು, ಅಷ್ಟರೊಳಗೆ ತೆಳ್ಳಗಾಗಬೇಕು ಎಂದು ಈ ಚುಚ್ಚುಮದ್ದಿನ ಪೆನ್ ಹುಡುಕುವವರೂ ಇದ್ದಾರೆ.

ಔಷಧದ ಶಕ್ತಿಯ ಬಗ್ಗೆ ಅನುಮಾನವಿಲ್ಲ. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಆಹಾರ ಮತ್ತು ವ್ಯಾಯಾಮದ ಜೊತೆಗೆ ಸೆಮಾಗ್ಲುಟೈಡ್ ಪಡೆದವರ ದೇಹತೂಕ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ಇಳಿಯಿತು. ಆದರೆ ಇಷ್ಟು ಕೆಲಸ ಮಾಡುವ ಔಷಧವನ್ನು ವೈದ್ಯರ ಕಣ್ಗಾವಲಿಲ್ಲದೆ, ಅವಸರದಲ್ಲಿ ತೆಗೆದುಕೊಂಡರೆ ತೊಂದರೆ ಖಚಿತ. ಯಾವುದನ್ನು ಸಹಿಸಬಹುದು, ಯಾವುದನ್ನು ಸಹಿಸಲೇಬಾರದು ಎಂಬುದು ಬಳಸುವವರಿಗೂ ಮನೆಯವರಿಗೂ ಮೊದಲೇ ಗೊತ್ತಿರಬೇಕು.

1. ನಿಮಗೆ ಬೇಕೇ ಎಂದು ನೋಡಿಕೊಳ್ಳಿ

ತೂಕವನ್ನು (ಕಿಲೋ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಬಿಎಂಐ 30 ಅಥವಾ ಹೆಚ್ಚು ಇರುವವರಿಗೆ, ಇಲ್ಲವೇ 27 ದಾಟಿದ್ದು ಜೊತೆಗೆ ಬಿಪಿ, ಮಧುಮೇಹ, ಕೊಲೆಸ್ಟರಾಲ್‌ನಂಥ ತೊಂದರೆ ಇರುವವರಿಗೆ ಈ ಔಷಧಗಳನ್ನು ಕೊಡಲಾಗುತ್ತದೆ. 160 ಸೆಂ.ಮೀ. ಎತ್ತರದವರಿಗೆ 30 ಎಂದರೆ ಸುಮಾರು 77 ಕಿಲೋ. 27 ಎಂದರೆ ಸುಮಾರು 69 ಕಿಲೋ. ನಾಲ್ಕೈದು ಕಿಲೋ ಇಳಿಸಿಕೊಳ್ಳುವ ಆಸೆಗೆ ಇದು ಔಷಧವಲ್ಲ.

2. ವೈದ್ಯರಿಗೆ ಏನನ್ನೂ ಮುಚ್ಚಿಡಬೇಡಿ

ಮೊದಲ ಭೇಟಿಗೆ ಹೋಗುವಾಗ ಈ ಪಟ್ಟಿ ಕೈಯಲ್ಲಿರಲಿ:

- ನಿಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇತ್ತೇ? ಇಲಿಗಳ ಮೇಲಿನ ಪ್ರಯೋಗದಲ್ಲಿ ಥೈರಾಯ್ಡ್ ಗಡ್ಡೆ ಕಂಡಿದ್ದರಿಂದ ಇಂಥವರಿಗೆ ಈ ಔಷಧ ಕೊಡುವುದಿಲ್ಲ. ಥೈರಾಯ್ಡ್ ಕಡಿಮೆಯಾಗಿ ದಿನವೂ ಮಾತ್ರೆ ನುಂಗುವುದು ಬೇರೆ ಸಂಗತಿ; ಅದು ಅಡ್ಡಿಯಲ್ಲ.
- ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ, ಪಿತ್ತಕೋಶದ ಕಲ್ಲು ಅಥವಾ ಕಿಡ್ನಿ ತೊಂದರೆ ಆಗಿತ್ತೇ?
- ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಶುಗರ್ ಮಾತ್ರೆ ನಡೆಯುತ್ತಿದೆಯೇ? ಹಾಗಿದ್ದರೆ ಶುಗರ್ ಒಮ್ಮೆಲೇ ಕುಸಿಯಬಹುದು. ಅವುಗಳ ಪ್ರಮಾಣ ತಗ್ಗಿಸಬೇಕಾಗಬಹುದು. ಏಕಾದಶಿ, ರಂಜಾನ್ ಉಪವಾಸ ಮಾಡುವವರು ಅದನ್ನೂ ಹೇಳಬೇಕು.
- ಮಧುಮೇಹದಿಂದ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗಿದೆಯೇ? ಶುಗರ್ ಬೇಗನೆ ಇಳಿದಾಗ ಅದು ಕೆಲವರಲ್ಲಿ ಹೆಚ್ಚಾಗುತ್ತದೆ. ಶುರು ಮಾಡುವ ಮುನ್ನ ಕಣ್ಣಿನ ಪರೀಕ್ಷೆ ಆಗಲಿ.
- ಗರ್ಭಿಣಿಯೇ, ಮಗುವಿಗೆ ಹಾಲೂಡುತ್ತಿದ್ದೀರಾ, ಮಗು ಬೇಕೆಂಬ ಯೋಚನೆ ಇದೆಯೇ?

3. ಚೀಟಿ ಕೊಟ್ಟು, ಬಿಲ್ ಪಡೆದು ಕೊಳ್ಳಿ

ಇದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಜಿಮ್, ಬ್ಯೂಟಿ ಪಾರ್ಲರ್, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಿಗುವುದನ್ನು ಮುಟ್ಟಬೇಡಿ. 2023ರಲ್ಲಿ ಬ್ರೆಜಿಲ್, ಬ್ರಿಟನ್, ಅಮೆರಿಕಗಳಲ್ಲಿ ನಕಲಿ ಸೆಮಾಗ್ಲುಟೈಡ್ ಪತ್ತೆಯಾಗಿ, ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೇ ಎಚ್ಚರಿಕೆ ಕೊಟ್ಟಿತ್ತು. ‘ಗಿಡಮೂಲಿಕೆ’ ಎಂಬ ಹೆಸರಿಗೂ ಮರುಳಾಗಬೇಡಿ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಿಂದಾಗಿ ಭಾರತದಲ್ಲಿ 2011ರಲ್ಲಿ ನಿಷೇಧವಾದ ಸಿಬುಟ್ರಮೈನ್, ಅಂಥ ಹೆಸರಿನ ಉತ್ಪನ್ನಗಳಲ್ಲಿ ಪದೇ ಪದೇ ಸಿಕ್ಕಿಬಿದ್ದಿದೆ.

ಬಳಕೆ ಶುರುವಾಗದ ಪೆನ್ನನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಫ್ರೀಜರ್‌ನಲ್ಲಿ ಅಲ್ಲ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಫ್ರಿಜ್ ಹೊರಗೆ 30 ಡಿಗ್ರಿ ದಾಟಬಾರದು, ಅದೂ ಪೊಟ್ಟಣದಲ್ಲಿ ಬರೆದಷ್ಟು ದಿನ ಮಾತ್ರ. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಪ್ರಯಾಣಕ್ಕೆ ತಂಪು ಚೀಲ ಬೇಕೇ ಬೇಕು. ಪ್ರತಿ ಸಲ ಹೊಸ ಸೂಜಿ ಹಾಕಿ, ಹೊಟ್ಟೆ, ತೊಡೆ, ತೋಳು ಎಂದು ಜಾಗ ಬದಲಿಸಿ. ಸೂಜಿ ಬದಲಿಸಿದರೂ ಒಬ್ಬರ ಪೆನ್ ಇನ್ನೊಬ್ಬರಿಗೆ ಸಲ್ಲದು, ಗಂಡ-ಹೆಂಡತಿಯಾದರೂ ಅಷ್ಟೇ.

4. ಡೋಸ್ ಏರಿಸಲು ಆತುರಪಡಬೇಡಿ

ವೆಗೋವಿ ವಾರಕ್ಕೆ 0.25 ಮಿ.ಗ್ರಾಂನಿಂದ ಶುರುವಾಗಿ 0.5, 1, 1.7 ಆಗಿ, ಕೊನೆಗೆ 2.4ಕ್ಕೆ ಏರುತ್ತದೆ. ಒಂದೊಂದು ಹಂತಕ್ಕೂ ನಾಲ್ಕು ವಾರ. ಮೌಂಜಾರೊ 2.5 ಮಿ.ಗ್ರಾಂನಿಂದ ಆರಂಭ. ಈ ಮೊದಲ ಡೋಸ್ ದೇಹ ಒಗ್ಗಿಕೊಳ್ಳಲಿ ಎಂದೇ ಇರುವುದು. ‘ಒಂದು ತಿಂಗಳಾಯಿತು, ತೂಕ ಇಳಿದಿಲ್ಲ’ ಎಂದು ತಾವೇ ಹೆಚ್ಚಿಸಿಕೊಳ್ಳುವುದು ಅಪಾಯ. ಚುಚ್ಚಿದ ಸೆಮಾಗ್ಲುಟೈಡ್‌ನ ಅರ್ಧದಷ್ಟು ಒಂದು ವಾರದ ಮೇಲೂ ದೇಹದಲ್ಲೇ ಇರುತ್ತದೆ. ಹೆಚ್ಚಾಯಿತು ಎಂದು ಗೊತ್ತಾದ ಮೇಲೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ.

ಸೂಕ್ತ ಡೋಸ್ ಎಂದರೆ ಅತಿ ಹೆಚ್ಚಿನ ಡೋಸ್ ಎಂದೇನಲ್ಲ. ಕಡಿಮೆಯಲ್ಲೇ ಫಲ ಸಿಗುತ್ತಿದ್ದರೆ ಅಲ್ಲಿಯೇ ನಿಲ್ಲುವ ಬಗ್ಗೆ ವೈದ್ಯರನ್ನು ಕೇಳಿ. ಒಂದು ವಾರ ಮರೆತರೆ ವೆಗೋವಿಯನ್ನು ಐದು ದಿನದೊಳಗೆ, ಮೌಂಜಾರೊವನ್ನು ನಾಲ್ಕು ದಿನದೊಳಗೆ ತೆಗೆದುಕೊಳ್ಳಬಹುದು; ಅದು ದಾಟಿದರೆ ಮುಂದಿನ ವಾರಕ್ಕೇ. ಎರಡು ಡೋಸ್ ಒಟ್ಟಿಗೆ ಎಂದೂ ಬೇಡ. ಹಲವು ವಾರ ತಪ್ಪಿದ್ದರೆ ಮತ್ತೆ ಕೆಳಗಿನ ಡೋಸ್‌ನಿಂದ ಶುರು ಮಾಡಬೇಕಾಗಬಹುದು. ವೈದ್ಯರನ್ನು ಕೇಳದೆ ಚುಚ್ಚಿಕೊಳ್ಳಬೇಡಿ.

5. ಹೊಟ್ಟೆಯ ತಾಪತ್ರಯಕ್ಕೆ ಊಟದಲ್ಲೇ ಮದ್ದು

ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ, ಹುಳಿತೇಗು ಸಾಮಾನ್ಯ. ಔಷಧ ಹೊಟ್ಟೆಯಿಂದ ಆಹಾರ ಮುಂದೆ ಹೋಗುವುದನ್ನು ನಿಧಾನಿಸುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಡೋಸ್ ಏರಿದಾಗ ಹೆಚ್ಚುತ್ತದೆ, ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತದೆ.

- ಮೊದಲಿನ ಅರ್ಧದಷ್ಟು ಬಡಿಸಿಕೊಳ್ಳಿ. ಹೊಟ್ಟೆ ತುಂಬಿತು ಅನ್ನಿಸಿದ ತಕ್ಷಣ ಕೈ ತೊಳೆಯಿರಿ. ‘ಇನ್ನೊಂದು ಮುದ್ದೆ’ ಎಂಬ ಒತ್ತಾಯಕ್ಕೆ ಮಣಿಯಬೇಡಿ.
- ಬೋಂಡ, ಪೂರಿ, ತುಪ್ಪ ಸುರಿಯುವ ಹೋಳಿಗೆ, ಮಸಾಲೆಯ ಬಾಡೂಟ ಕೆಲವು ತಿಂಗಳು ದೂರವಿರಲಿ. ಡೋಸ್ ಏರಿಸಿದ ವಾರ ಗಂಜಿ, ಮೊಸರನ್ನ, ಇಡ್ಲಿ ಹಿತ.
- ಉಂಡ ತಕ್ಷಣ ಮಲಗಬೇಡಿ.
- ವಾಂತಿ, ಭೇದಿ ಇದ್ದರೆ ಮಜ್ಜಿಗೆ, ಎಳನೀರು, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಿರಿ. ಕಿಡ್ನಿ ಕಾಯಿಲೆ ಇರುವವರು ಎಳನೀರಿನ ಬಗ್ಗೆ ಮೊದಲೇ ಕೇಳಿಕೊಳ್ಳಿ.
- ಮಲಬದ್ಧತೆಗೆ ನೀರು, ಸೊಪ್ಪು, ತರಕಾರಿ, ನಡಿಗೆ. ಸಾಲದಿದ್ದರೆ ವೈದ್ಯರು ಔಷಧ ಕೊಡುತ್ತಾರೆ.

6. ಈ ಲಕ್ಷಣ ಕಂಡರೆ ಕಾಯಬೇಡಿ

ಕೆಳಗಿನವು ವಿರಳ, ಆದರೆ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವಂಥವಲ್ಲ:

- ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ಕಾಡುವ ತೀವ್ರ ನೋವು, ಅದು ಬೆನ್ನಿಗೆ ಹಬ್ಬುವುದು: ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಮುಂದಿನ ಡೋಸ್ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.
- ಬಲಪಕ್ಕೆಯ ಕೆಳಗೆ ನೋವು, ಜ್ವರ, ಕಣ್ಣು ಹಳದಿಯಾಗುವುದು: ಪಿತ್ತಕೋಶದ ಕಲ್ಲು. ತೂಕ ಬೇಗ ಇಳಿದಾಗ ಕಲ್ಲಾಗುವ ಸಾಧ್ಯತೆ ಹೆಚ್ಚು.
- ನೀರು ಕೂಡ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆಯಾಗುವುದು, ತಲೆಸುತ್ತು: ಕಿಡ್ನಿಗೆ ಪೆಟ್ಟು ಬೀಳಬಹುದು.
- ಹೊಟ್ಟೆ ಉಬ್ಬಿ, ಗಾಳಿಯೂ ಮಲವೂ ಹೋಗದಿರುವುದು.
- ಒಂದು ಕಣ್ಣಿನ ದೃಷ್ಟಿ ಹಠಾತ್ ಮಂಕಾಗುವುದು. ಸೆಮಾಗ್ಲುಟೈಡ್ ಬಳಸುವವರಲ್ಲಿ ಕಣ್ಣಿನ ನರಕ್ಕೆ ಹಾನಿಯಾಗುವುದು ಅತಿ ವಿರಳ ಅಡ್ಡ ಪರಿಣಾಮವೆಂದು ಯುರೋಪಿನ ಔಷಧ ನಿಯಂತ್ರಕರು 2025ರಲ್ಲಿ ಗುರುತಿಸಿದ್ದಾರೆ.
- ಮುಖ, ನಾಲಿಗೆ ಊದಿ ಉಸಿರಾಟಕ್ಕೆ ಕಷ್ಟವಾಗುವುದು. ತಕ್ಷಣ 108ಕ್ಕೆ ಕರೆ ಮಾಡಿ.

ಮಧುಮೇಹ ಇರುವವರಿಗೆ ನಡುಕ, ಬೆವರು, ಗೊಂದಲ ಕಂಡರೆ ಶುಗರ್ ಇಳಿದಿರಬಹುದು. ಪ್ರಜ್ಞೆ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.

7. ಸ್ನಾಯು ಕರಗದಂತೆ ನೋಡಿಕೊಳ್ಳಿ

ಇಳಿಯುವ ತೂಕವೆಲ್ಲ ಕೊಬ್ಬಲ್ಲ, ಅದರಲ್ಲಿ ಸ್ನಾಯುವಿನ ಪಾಲೂ ಇದೆ. ಅನ್ನ-ಸಾರಿನಲ್ಲೇ ಊಟ ಮುಗಿಸುವ ನಮ್ಮಂಥವರು, ವಿಶೇಷವಾಗಿ ಅರವತ್ತು ದಾಟಿದವರು, ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು, ಕೋಳಿ, ಮೊಳಕೆಕಾಳು, ಗಟ್ಟಿ ಬೇಳೆ, ಪನೀರ್, ಮೊಸರು ತಿನ್ನಿ. ಅನ್ನ, ಮುದ್ದೆ ಆಮೇಲೆ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಮಾಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದರಿಂದಲೂ ಶುರು ಮಾಡಬಹುದು. ಕೆಲವರಿಗೆ ಕೂದಲು ಉದುರುತ್ತದೆ. ಪೋಷಣೆ ಸರಿಯಿದ್ದರೆ ಸಾಮಾನ್ಯವಾಗಿ ಮತ್ತೆ ಬರುತ್ತದೆ.

8. ಗರ್ಭಧಾರಣೆ, ಶಸ್ತ್ರಚಿಕಿತ್ಸೆ

ಮಗು ಬೇಕೆಂದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ತಗ್ಗಿಸಬಹುದು. ಶುರು ಮಾಡಿದಾಗ, ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ, ನಾಲ್ಕು ವಾರ ಕಾಂಡೋಮ್‌ನಂಥ ಇನ್ನೊಂದು ರಕ್ಷಣೆ ಬೇಕು. ತೂಕ ಇಳಿದಾಗ ಕೆಲವರಲ್ಲಿ ಗರ್ಭ ನಿಲ್ಲುವ ಸಾಧ್ಯತೆಯೂ ಹೆಚ್ಚುತ್ತದೆ.

ಹಲ್ಲು, ಗಂಟಲು, ಎಂಡೋಸ್ಕೋಪಿ, ಯಾವುದಕ್ಕೇ ಅರಿವಳಿಕೆ ಕೊಡುವ ಮುನ್ನ ಈ ಔಷಧದ ಹೆಸರು ಹೇಳಿ. ರಾತ್ರಿಯಿಡೀ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿದ್ದು, ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

9. ನಿಲ್ಲಿಸುವ ಯೋಚನೆ ಮೊದಲೇ ಇರಲಿ

ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ, ಇಳಿದ ತೂಕದ ಮೂರನೇ ಎರಡು ಭಾಗ ಮರಳಿತ್ತು. ಅದು ಅವರ ಮನಸ್ಸಿನ ದೌರ್ಬಲ್ಯವಲ್ಲ. ಬೊಜ್ಜು ದೀರ್ಘಕಾಲದ ಕಾಯಿಲೆ. ಔಷಧ ನಿಂತಾಗ ಹಸಿವು ಮರಳುತ್ತದೆ. ಆದ್ದರಿಂದ ಎಷ್ಟು ಕಾಲ, ತಿಂಗಳಿಗೆ ಎಷ್ಟು ಖರ್ಚು, ಆಮೇಲೆ ಏನು ಎಂಬುದನ್ನು ಮೊದಲ ಪೆನ್ ಕೊಳ್ಳುವ ಮುನ್ನವೇ ವೈದ್ಯರೊಡನೆ, ಮನೆಯವರೊಡನೆ ಮಾತಾಡಿ. ತೂಕ ಇಳಿದಂತೆ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳ ಪ್ರಮಾಣವನ್ನೂ ಮರುಪರಿಶೀಲಿಸಬೇಕು.

ಅಡ್ಡ ಪರಿಣಾಮ ಕಂಡರೆ ವೈದ್ಯರಿಗೆ ಹೇಳುವುದರ ಜೊತೆಗೆ, ಕೇಂದ್ರ ಸರ್ಕಾರದ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೂ ತಿಳಿಸಿ. ರೋಗಿಗಳೇ ನೇರವಾಗಿ ವರದಿ ಮಾಡಬಹುದು. ನಮ್ಮ ದೇಶದಲ್ಲಿ ಈ ಔಷಧಗಳ ಬಳಕೆ ಇನ್ನೂ ಹೊಸದು. ನೀವು ಕೊಡುವ ಮಾಹಿತಿ ನಿಮ್ಮ ನಂತರ ಪೆನ್ ಹಿಡಿಯುವವರ ಸುರಕ್ಷತೆಗೂ ನೆರವಾಗುತ್ತದೆ.