ಮಕ್ಕಳು ಕಾಲೇಜಿಗೆ ಹೊರಡುವ ಮೊದಲು ಒಂದು ಸಹಿ

ಹೋದ ಅಕ್ಟೋಬರಿನ ಒಂದು ರಾತ್ರಿ ಹನ್ನೊಂದೂವರೆಗೆ ಫೋನು ಬಂತು. ಹುನಗುಂದದ ಕಡೆಯಿಂದ ಒಂದು ವರ್ಷದ ಹಿಂದಷ್ಟೇ ನ್ಯೂಜೆರ್ಸಿಗೆ ಬಂದು ನಮ್ಮ ಕನ್ನಡ ಕೂಟ ಸೇರಿದ ಮನೆಯವರು. ಹುಡುಗಿಯ ತಾಯಿಯ ದನಿ ನಡುಗುತ್ತಿತ್ತು. "ಅಕ್ಕಾರ, ನಮ್ಮ ಹುಡುಗೀನ ದವಾಖಾನಿಗೆ ಒಯ್ದಾರಂತ್ರಿ. ಫೋನ್ ಮಾಡಿದ್ರ ಆಕಿ ಅಲ್ಲಿ ಅದಾಳೋ ಇಲ್ಲೋ ಅನ್ನೂದೂ ಹೇಳವಲ್ರು."

ಹುಡುಗಿ ಪೆನ್ಸಿಲ್ವೇನಿಯಾದ ಒಂದು ಕಾಲೇಜಿಗೆ ಸೇರಿ ಎರಡು ತಿಂಗಳಾಗಿತ್ತು. ಹೊಟ್ಟೆನೋವು, ವಾಂತಿ, ಆಮೇಲೆ ಆಂಬುಲೆನ್ಸು. ಇಷ್ಟನ್ನು ತಿಳಿಸಿದವಳು ಜೊತೆಗಿದ್ದ ರೂಮ್‌ಮೇಟ್. ಆಸ್ಪತ್ರೆಯ ಹೆಸರು ಬಿಟ್ಟರೆ ಅವಳಿಗೂ ಬೇರೇನೂ ಗೊತ್ತಿರಲಿಲ್ಲ. ತಾಯಿ ಏಳು ಸಲ ಫೋನ್ ಮಾಡಿದ್ದಳು. ನನ್ನ ಇಂಗ್ಲಿಷಿಗಾದರೂ ಬಗ್ಗುತ್ತಾರೇನೋ ಎಂದು ಎಂಟನೆಯ ಸಲ ನಾನು ಮಾಡಿದೆ. ಅದೇ ಉತ್ತರ: ಆ ಹೆಸರಿನ ರೋಗಿ ಇದ್ದಾರೆಂದೂ ಹೇಳಲಾರೆವು, ಇಲ್ಲವೆಂದೂ ಹೇಳಲಾರೆವು.

ನಾಲ್ಕು ತಾಸಿನ ದಾರಿ. ನಮ್ಮ ಮನೆಯವರು ಕಾರು ಓಡಿಸಿದರು. ಆ ತಾಯಿ ಮಗಳ ಲಸಿಕೆಯ ಕಾಗದ, ಇನ್ಶೂರೆನ್ಸ್ ಕಾರ್ಡು, ಪಾಸ್‌ಪೋರ್ಟಿನ ಝೆರಾಕ್ಸು ತುಂಬಿದ ಫೈಲನ್ನು ಎದೆಗವಚಿಕೊಂಡು ಕೂತಿದ್ದಳು. ನಡುದಾರಿಯಲ್ಲಿ ಒಂದೇ ಒಂದು ಮಾತಾಡಿದಳು: "ಹೆತ್ತಾಕಿ ನಾನರಿ. ಇನ್ನ ಯಾರ ಸಾಕ್ಷಿ ಬೇಕ್ರಿ ಇವರಿಗೆ?"

ಅಪೆಂಡಿಕ್ಸು. ನಾವು ಮುಟ್ಟುವ ಹೊತ್ತಿಗೆ ಆಪರೇಶನ್ ಮುಗಿದಿತ್ತು. ಹುಡುಗಿಗೆ ಎಚ್ಚರವಾದ ಮೇಲೆ ನರ್ಸು ಕೇಳಿದಳು, ಅವಳು ತಲೆಯಾಡಿಸಿದಳು, ನಮ್ಮನ್ನು ಒಳಗೆ ಬಿಟ್ಟರು. ಈಗ ಹುಡುಗಿ ಆರಾಮ ಇದ್ದಾಳೆ, ದೀಪಾವಳಿಗೆ ಬಂದು ಹೋದಳು. ಆದರೆ ಆ ಐದಾರು ತಾಸು ಆ ತಾಯಿ ಪಟ್ಟ ಸಂಕಟ ಪಡಬೇಕಾದದ್ದೇ ಆಗಿರಲಿಲ್ಲ. ಆ ರಾತ್ರಿ ನನಗೆ ಆಸ್ಪತ್ರೆಯ ಮೇಲೆ ಸಿಟ್ಟಿತ್ತು. ಬೆಳಗಾದ ಮೇಲೆ ಅದು ನನ್ನ ಮೇಲೇ ತಿರುಗಿತು. ಈ ದೇಶಕ್ಕೆ ಬಂದು 24 ವರ್ಷವಾಯಿತು. ಮೂರು ವರ್ಷದ ಹಿಂದೆ ನನ್ನ ಮಗನನ್ನು ಕಾಲೇಜಿಗೆ ಬಿಡುವಾಗ ಬೇಕಾದ ಕಾಗದ ಕೈಯಲ್ಲಿತ್ತು. ಹುನಗುಂದದ ಈ ಮನೆಯವರಿಗೆ ಯಾವ ರಗ್ಗು ಕೊಳ್ಳಬೇಕು, ಯಾವ ಫ್ಯಾನು ಕೊಳ್ಳಬೇಕು ಅಂತೆಲ್ಲ ಹೇಳಿದೆ, ಇದೊಂದನ್ನು ಹೇಳಲಿಲ್ಲ. ಅದಕ್ಕೇ ಈ ಲೇಖನ.

ವಿಷಯ ಇಷ್ಟು. ವೈದ್ಯಕೀಯ ಲೆಕ್ಕದಲ್ಲಿ 18 ತುಂಬಿದ ದಿನ ನಿಮ್ಮ ಮಗು ಬೇರೆಯೇ ಒಬ್ಬ ವ್ಯಕ್ತಿ. ಇನ್ಶೂರೆನ್ಸ್ ನಿಮ್ಮದು, ಹಣ ಕಟ್ಟುವವರು ನೀವು, 26ರವರೆಗೂ ನಿಮ್ಮ ಪಾಲಿಸಿಯಲ್ಲೇ ಇರಬಹುದು. ಆದರೂ ಅವರ ಜಡ್ಡಿನ ಸುದ್ದಿ ಅವರ ಸ್ವಂತದ್ದು. ಇದಕ್ಕೆ ಎಲ್ಲರೂ ಬೊಟ್ಟು ಮಾಡುವುದು 1996ರ ಹಿಪಾ ಕಾನೂನಿನ ಕಡೆಗೆ. ಆ ಕಾನೂನು ತಂದೆತಾಯಿಗೆ ಏನೂ ಹೇಳಬೇಡಿ ಅನ್ನುವುದಿಲ್ಲ. ರೋಗಿ ಹೂಂ ಅಂದರೆ ಹೇಳಬಹುದು. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ, ಅವರ ಹಿತಕ್ಕೆ ಬೇಕೆನಿಸಿದಷ್ಟನ್ನು ವೈದ್ಯರು ಮನೆಯವರಿಗೆ ಹೇಳಬಹುದು. ಆದರೆ ಅದು "ಹೇಳಬಹುದು" ಅಷ್ಟೇ, "ಹೇಳಲೇಬೇಕು" ಅಲ್ಲ. ಅದೂ ಫೋನಿನಲ್ಲಿ, ನಡುರಾತ್ರಿ, ಅಳುವ ದನಿಯೊಂದು ನಾನು ತಾಯಿ ಅಂದರೆ ಆ ಕಡೆಯವರು ಹೇಗೆ ನಂಬಬೇಕು? ಹಾಗಾಗಿ ಬಾಯಿ ಕಟ್ಟಿಕೊಳ್ಳುತ್ತಾರೆ.

ನಮಗೆ ಇದು ಯಾಕೆ ಹೊಳೆಯುವುದಿಲ್ಲ ಅಂದರೆ ನಾವು ಓದಿದ ಊರುಗಳಲ್ಲಿ ಇದು ತಿರುವುಮುರುವಾಗಿತ್ತು. ನಾನು ಇಳಕಲ್ಲಿನವಳು. 1989ರಲ್ಲಿ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದೆ. ಆಗಿನ್ನೂ ಬಾಗಲಕೋಟೆ ವಿಜಾಪುರ ಜಿಲ್ಲೆಯ ಒಂದು ತಾಲ್ಲೂಕು, ಜಿಲ್ಲೆಯಾದದ್ದು 1997ರಲ್ಲಿ. ಹಳೆ ಊರಿನ ಓಣಿಯೊಂದರಲ್ಲಿ ನಾವು ಮೂವರು ಹುಡುಗಿಯರ ರೂಮು. ಆ ಓಣಿ ಈಗಿಲ್ಲ, ಆಲಮಟ್ಟಿಯ ಹಿನ್ನೀರು ನುಂಗಿತು, ಓಣಿಯ ಮಂದಿ ನವನಗರಕ್ಕೆ ಎದ್ದು ಹೋದರು. ದಿನಾ ಮುಂಜಾನೆ ಅವ್ವ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೈಗೆ ಬುತ್ತಿ ಕೊಡುತ್ತಿದ್ದಳು. ಹುನಗುಂದ, ಅಮೀನಗಡ ದಾಟಿ ಬಸ್ಸು ಬಾಗಲಕೋಟೆಗೆ ಬಂದಾಗ ಎಂಜಿನಿನ ಪಕ್ಕದ ಜಾಗದಲ್ಲಿ ಇಪ್ಪತ್ತು ಮೂವತ್ತು ಡಬ್ಬಿ ಒಂದರ ಮೇಲೊಂದು. ಎಲ್ಲಾ ಒಂದೇ ತರದ ಸ್ಟೀಲಿನವು. ನನ್ನದು ದೂರದಿಂದಲೇ ಗುರುತು ಹತ್ತುತ್ತಿತ್ತು. ಅವ್ವ ಹಳೆ ಇಳಕಲ್ ಸೀರೆಯ ಸೆರಗು ಹರಿದು ಕಟ್ಟುತ್ತಿದ್ದಳು, ಟೋಪ ತೆನಿಯ ಕೆಂಪು ಸೆರಗು, ಅದರ ಬಿಳಿ ಹಲ್ಲುಗಳು ಮಾಸಿ ಹಳದಿಯಾಗಿದ್ದವು. ಒಳಗೆ ನಾಲ್ಕು ರೊಟ್ಟಿ, ಮಡಿಕಿಕಾಳಿನ ಪಲ್ಯ, ಒಂದು ಮೂಲೆಯಲ್ಲಿ ಶೇಂಗಾ ಹಿಂಡಿ. ಸಂಜೆಯ ಬಸ್ಸಿಗೆ ತೊಳೆದ ಡಬ್ಬಿ ತಿರುಗಿ ಇಳಕಲ್ಲಿಗೆ.

ಆ ಖಾಲಿ ಡಬ್ಬಿಯೇ ನನ್ನ ವರ್ತಮಾನ. ಎರಡನೆಯ ವರ್ಷ ನನಗೆ ಕಾಮಾಲೆಯಾಯಿತು. ನಾನು ಯಾರಿಗೂ ಹೇಳಿರಲಿಲ್ಲ, ಪರೀಕ್ಷೆ ಹತ್ತಿರವಿತ್ತು. ಎರಡು ದಿನ ರೊಟ್ಟಿ ಮುಟ್ಟದೆ ಡಬ್ಬಿ ಹಾಗೇ ತಿರುಗಿ ಹೋಯಿತು. ಮೂರನೆಯ ದಿನ ಡಬ್ಬಿ ಬರಲಿಲ್ಲ, ಮೊದಲ ಬಸ್ಸಿಗೆ ಅವ್ವನೇ ಬಂದಳು. ಯಾವ ಫೋನೂ ಇರಲಿಲ್ಲ, ಯಾವ ಸಹಿಯೂ ಬೇಕಾಗಲಿಲ್ಲ. ಕಂಡಕ್ಟರ್, ಮನೆ ಮಾಲಕಿ, ಖಾನಾವಳಿಯ ಅಜ್ಜಿ, ಕಾಲೇಜಿನ ಮಾಸ್ತರು, ಎಲ್ಲರೂ ಅಪ್ಪ ಅವ್ವನ ಕಣ್ಣುಗಳೇ. ನಾನು ಗೆಳತಿಯರ ಜೊತೆ ಸಿನಿಮಾಕ್ಕೆ ಹೋದದ್ದೂ ಮರುದಿನಕ್ಕೆ ಇಳಕಲ್ಲಿನಲ್ಲಿ ಗೊತ್ತಾಗುತ್ತಿತ್ತು, ಅದರಿಂದ ನಾನು ಎಷ್ಟೋ ಸಂಗತಿ ಬಚ್ಚಿಡುವುದನ್ನು ಕಲಿತೆ ಎಂಬುದೂ ಸುಳ್ಳಲ್ಲ. ಇಲ್ಲಿ ಆ ಕಣ್ಣುಗಳಿಲ್ಲ. ಇಲ್ಲಿ ಸುದ್ದಿಯ ಬಾಗಿಲು ತೆಗೆಯುವ ಕೀಲಿಕೈ ಮಗುವಿನ ಹತ್ತಿರ ಮಾತ್ರ ಇದೆ. ಕೇಳಿ ಪಡೆಯಬೇಕು.

ಪಡೆಯಬೇಕಾದ ಕಾಗದ ಎರಡು. ಮೊದಲನೆಯದು ಹಿಪಾ ಒಪ್ಪಿಗೆ ಪತ್ರ: ನನ್ನ ಆರೋಗ್ಯದ ಮಾಹಿತಿಯನ್ನು ಇಂಥವರಿಗೆ ಕೊಡಬಹುದು ಎಂದು ಮಗು ಬರೆದುಕೊಡುವುದು. ಎರಡನೆಯದು ಹೆಲ್ತ್ ಕೇರ್ ಪ್ರಾಕ್ಸಿ, ಕೆಲವು ಕಡೆ ಮೆಡಿಕಲ್ ಪವರ್ ಆಫ್ ಅಟಾರ್ನಿ ಅನ್ನುತ್ತಾರೆ: ನನಗೆ ನಿರ್ಧರಿಸುವ ಶಕ್ತಿ ಇಲ್ಲದಾಗ ನನ್ನ ಪರವಾಗಿ ಇವರು ನಿರ್ಧರಿಸಲಿ ಎಂಬುದು. ವಕೀಲರು ಬೇಕಿಲ್ಲ, ನಮೂನೆಗಳು ಪುಕ್ಕಟೆ ಸಿಗುತ್ತವೆ. ಪ್ರಾಕ್ಸಿಗೆ ನ್ಯೂಜೆರ್ಸಿಯಲ್ಲಿ ಇಬ್ಬರು ವಯಸ್ಕ ಸಾಕ್ಷಿ ಬೇಕು, ಇಲ್ಲವೇ ನೋಟರಿ. ಪೆನ್ಸಿಲ್ವೇನಿಯಾದಲ್ಲೂ ಇಬ್ಬರು ಸಾಕ್ಷಿ. ಯಾರ ಹೆಸರು ಪ್ರಾಕ್ಸಿಯಾಗಿ ಬರೆದಿದೆಯೋ ಅವರು ನ್ಯೂಜೆರ್ಸಿಯಲ್ಲಿ ಸಾಕ್ಷಿ ಹಾಕುವಂತಿಲ್ಲ. ಅಂದರೆ ಆ ತಾಯಿ ಕಾರಿನಲ್ಲಿ ಕೇಳಿದ ಮಾತಿಗೆ ಉತ್ತರ, ಸಾಕ್ಷಿ ನಮ್ಮಂಥವರು, ಕೂಟದ ನೆರೆಹೊರೆಯವರು.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಮಗುವಿಗೆ 18 ತುಂಬುವ ಮೊದಲು ಹಾಕಿಸಿದ ಸಹಿ ಸಾಮಾನ್ಯವಾಗಿ ನಡೆಯುವುದಿಲ್ಲ. ಹುಟ್ಟುಹಬ್ಬ ಸೆಪ್ಟೆಂಬರಿನಲ್ಲೋ ಅಕ್ಟೋಬರಿನಲ್ಲೋ ಇದ್ದರೆ, ಕಾಲೇಜಿಗೆ ಬಿಟ್ಟು ಬಂದಮೇಲೆ ಮರೆತೇ ಹೋಗುತ್ತದೆ. ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗಿಗೆ ಮನೆಗೆ ಬಂದಾಗ ಮೊದಲ ಕೆಲಸ ಇದಾಗಲಿ. ಇನ್ನೊಂದು, ಮನೆ ಒಂದು ರಾಜ್ಯದಲ್ಲಿ, ಕಾಲೇಜು ಇನ್ನೊಂದರಲ್ಲಿ ಇದ್ದರೆ ಎರಡೂ ರಾಜ್ಯದ ನಮೂನೆಗೆ ಸಹಿ ಹಾಕಿಸಿ. ಹೊರ ರಾಜ್ಯದ ಪತ್ರವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಕೌಂಟರಿನಲ್ಲಿ ಕೂತವರಿಗೆ ಅವರ ಕಣ್ಣಿಗೆ ರೂಢಿಯಾದ ಕಾಗದ ತೋರಿಸಿದರೆ ವಾದ ಇರುವುದಿಲ್ಲ. ಅಪ್ಪ, ಅವ್ವ, ಮಗು ಮೂವರ ಫೋನಿನಲ್ಲೂ ಫೋಟೋ ಇರಲಿ. ಕಾಲೇಜಿನ ಆರೋಗ್ಯ ಕೇಂದ್ರಕ್ಕೂ ಒಂದು ಪ್ರತಿ ಕೊಟ್ಟುಬಿಡಿ. ಮಗುವಿನ ಫೋನು ಲಾಕ್ ಆಗಿದ್ದರೂ ಕಾಣುವಂತೆ ತುರ್ತು ಸಂಪರ್ಕದಲ್ಲಿ ನಿಮ್ಮ ನಂಬರು ಹಾಕಿಸಿ.

ಮಾರ್ಕ್ಸು, ಫೀಸಿನದು ಬೇರೆ ಕಾನೂನು, 1974ರ ಫೆರ್ಪಾ. ಅಲ್ಲಿ ವಯಸ್ಸೂ ಮುಖ್ಯವಲ್ಲ, 17ರಲ್ಲೇ ಕಾಲೇಜು ಸೇರಿದರೂ ದಾಖಲೆಯ ಹಕ್ಕು ಮಗುವಿನದಾಗುತ್ತದೆ. ಫೀಸಿನ ಬಿಲ್ಲು ಕೂಡ ಮಗುವಿನ ಇಮೇಲಿಗೇ ಹೋಗುತ್ತದೆ, ನಿಮ್ಮ ಹೆಸರನ್ನು ಸೇರಿಸಬೇಕಾದವರು ಅವರೇ. ಆ ಬಿಲ್ಲಿನಲ್ಲಿ ಕಾಲೇಜಿನ ಇನ್ಶೂರೆನ್ಸ್ ತಾನಾಗಿ ಸೇರಿರಬಹುದು. ನಿಮ್ಮ ಪಾಲಿಸಿ ಆ ಊರಿನಲ್ಲಿ ನಡೆಯುವುದಾದರೆ ಗಡುವಿನೊಳಗೆ ಬೇಡವೆಂದು ಬರೆಯಿರಿ. ನಡೆಯುತ್ತದೋ ಇಲ್ಲವೋ ಎಂದು ಮೊದಲು ವಿಚಾರಿಸಿ, ಕೆಲವು ಪಾಲಿಸಿ ಹೊರ ರಾಜ್ಯದಲ್ಲಿ ಎಮರ್ಜೆನ್ಸಿಗೆ ಮಾತ್ರ. ಎಚ್-4 ವೀಸಾದ ಮಕ್ಕಳಿಗೆ 21ರ ಗಡಿಯ ಚಿಂತೆ ಇನ್ನೊಂದು ಲೇಖನದಷ್ಟಿದೆ, ಅದಕ್ಕೆ ಈಗಿನಿಂದಲೇ ವಕೀಲರನ್ನು ಕಾಣಿ.

ಕಾಗದಕ್ಕಿಂತ ಕಷ್ಟದ ಕೆಲಸ ಕೇಳುವುದು. ಇಲ್ಲಿ ಬೆಳೆದ ಹದಿನೆಂಟರ ಮಗುವಿಗೆ "ಇಲ್ಲಿ ಸಹಿ ಹಾಕು" ಅಂದರೆ ಕಾವಲು ಹಾಕಿದಂತೆ ಕೇಳಿಸುತ್ತದೆ. ನನ್ನ ಮಗ ಅಡುಗೆಮನೆಯ ಮೇಜಿನ ಮೇಲೆ ಆ ಕಾಗದ ಇಟ್ಟುಕೊಂಡು ಅರ್ಧ ತಾಸು ಓದಿದ. ಆಮೇಲೆ ಕೇಳಿದ, ನಾನು ಕೌನ್ಸೆಲರ್ ಹತ್ತಿರ ಹೋದರೆ ಅದೂ ನಿನಗೆ ಗೊತ್ತಾಗಬೇಕಾ ಎಂದು. ಒಪ್ಪಿಗೆ ಪತ್ರದಲ್ಲಿ ಯಾವ ವಿಷಯ ಹೇಳಬಾರದು ಎಂದು ಬಿಡುವ ಅವಕಾಶವಿದೆ. ಅವನು ಮಾನಸಿಕ ಆರೋಗ್ಯದ ಸಾಲನ್ನು ಹೊಡೆದುಹಾಕಿದ. ನನಗೆ ಗಂಟಲು ಕಟ್ಟಿತು. ಆದರೆ ಏನೂ ಅನ್ನಲಿಲ್ಲ. ನಿಮ್ಮ ಮಗುವೂ ಹಾಗೆ ಹೊಡೆದರೆ ಸುಮ್ಮನಿರಿ, ದಯವಿಟ್ಟು. ಉಳಿದದ್ದಕ್ಕೆ ಸಹಿ ಸಿಕ್ಕಿತಲ್ಲ. ಮತ್ತೆ ಆ ಸಹಿಯನ್ನು ಮಾಮೂಲಿ ಜ್ವರದ ಬಿಲ್ಲು ಕೆದಕಲು ಬಳಸಬೇಡಿ, ಒಮ್ಮೆ ಹಾಗೆ ಮಾಡಿದರೆ ಮಗು ಬರೆದು ಹಿಂತೆಗೆದುಕೊಳ್ಳಬಹುದು, ಹಿಂತೆಗೆದುಕೊಳ್ಳುತ್ತದೆ. ನನ್ನ ಮಗ ಎರಡನೆಯ ವರ್ಷ ತಾನಾಗಿಯೇ ಫೋನ್ ಮಾಡಿ ಕೌನ್ಸೆಲರ್ ವಿಷಯ ಹೇಳಿದ. ಆ ರಾತ್ರಿ ಮುಕ್ಕಾಲು ತಾಸು ಮಾತಾಡಿದೆವು.

ನಮ್ಮ ಕಡೆಯವರು "ಆರಾಮ ಅದೀನಿ" ಅನ್ನುವುದಕ್ಕೆ ಬಹಳ ಬೆಲೆ ಕೊಡುತ್ತೇವೆ. ಕಾಮಾಲೆ ಆದಾಗ ನಾನೂ ಅದನ್ನೇ ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿಟ್ಟಿದ್ದೆ. ಹಾಗಾಗಿ ಆರಾಮ ಇದ್ದೀಯಾ ಅಂತ ಕೇಳಬೇಡಿ. ಇವತ್ತು ಏನು ತಿಂದೆ, ಯಾರ ಜೊತೆ ತಿಂದೆ ಅಂತ ಕೇಳಿ. ನಾಲ್ಕು ದಿನ ಒಂದೇ ಸಮ "ಒಬ್ಬನೇ, ರೂಮಿನಲ್ಲಿ" ಅಂದರೆ ಕಿವಿ ನೆಟ್ಟಗಾಗಲಿ. ಮನಸ್ಸಿನ ಸಂಕಟಕ್ಕೆ 988 ಎಂಬ ನಂಬರು 2022ರ ಜುಲೈಯಿಂದ ದೇಶದ ತುಂಬ ಇದೆ, ಮಕ್ಕಳ ಫೋನಿನಲ್ಲಿ ಅದೂ ಇರಲಿ.

ಮಗು ಫೋನೇ ಎತ್ತದಿದ್ದರೆ ಏನು ಮಾಡುವುದು? ಬಾದಾಮಿಯ ಕಡೆಯ ಒಂದು ಮನೆಯವರು ಮಗನನ್ನು ದೂರದ ಕಾಲೇಜಿಗೆ ಬಿಟ್ಟ ಮೊದಲ ವರ್ಷ. ಜನವರಿಯಲ್ಲಿ ಬನದ ಹುಣ್ಣಿಮೆ, ಊರಿನಲ್ಲಿ ಬನಶಂಕರಿಯ ತೇರು. ಅಜ್ಜಿ ವಿಡಿಯೋದಲ್ಲಿ ತೇರು ತೋರಿಸಬೇಕೆಂದು ಮೊಮ್ಮಗನಿಗೆ ಫೋನ್ ಮಾಡುತ್ತಲೇ ಇದ್ದರು, ಅವನು ಎತ್ತಲಿಲ್ಲ. ಸಂಜೆಗೆ ತಂದೆ ಗಾಬರಿಯಾಗಿ 911 ಒತ್ತಿದರು. ಅದು ಅವರ ಮನೆಯ ಕೌಂಟಿಗೇ ಹೋಯಿತು, ಯಾಕೆಂದರೆ ನೀವು ನಿಂತ ಜಾಗದ ಪೋಲೀಸರಿಗೇ ಆ ಕರೆ ಹೋಗುವುದು. ಮಗುವಿನ ಕಾಲೇಜಿನ ಕ್ಯಾಂಪಸ್ ಪೋಲೀಸರ ಹತ್ತಂಕಿಯ ನಂಬರನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಸಂಪರ್ಕ ತಪ್ಪಿದಾಗ ಅವರಿಗೆ ಫೋನ್ ಮಾಡಿ "ವೆಲ್‌ನೆಸ್ ಚೆಕ್" ಅನ್ನಿ. ಹೋಗಿ ಬಾಗಿಲು ತಟ್ಟುತ್ತಾರೆ, ಮನೆಗೆ ಫೋನ್ ಮಾಡು ಅನ್ನುತ್ತಾರೆ. ಅದಕ್ಕೆ ಯಾವ ಸಹಿಯೂ ಬೇಡ. ಆ ಹುಡುಗ ಲ್ಯಾಬಿನಲ್ಲಿದ್ದ, ಫೋನು ಬ್ಯಾಗಿನಲ್ಲಿತ್ತು. ತೇರು ನೋಡಲಾಗಲಿಲ್ಲ ಎಂದು ಆಮೇಲೆ ಅವನೇ ಅತ್ತ.

ಇನ್ನು ಊಟ. ಶೇಂಗಾ ಹಿಂಡಿ ಕಳಿಸುವ ಮೊದಲು ರೂಮ್‌ಮೇಟಿಗೆ ಶೇಂಗಾ ಅಲರ್ಜಿ ಇದೆಯೇ ಎಂದು ಖಂಡಿತ ಕೇಳಿ. ಇಲ್ಲಿ ಅದು ಜೀವಕ್ಕೇ ಎರವಾಗುವಂಥದ್ದು. ಮನಿ ಶೇಂಗಾ ಹಿಂಡಿ ಇಲ್ಲದ ಊಟ ಏನೂಟ ಎಂದು ನನಗೂ ಅನ್ನಿಸುತ್ತದೆ, ಆದರೆ ಗುರೆಳ್ಳು ಹಿಂಡಿ ಇದೆ, ಅಗಸಿ ಹಿಂಡಿ ಇದೆ, ಅವೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಅಮೀನಗಡದ ಕರದಂಟು ಕಳಿಸುವುದಾದರೂ ಅದರಲ್ಲಿ ಗೋಡಂಬಿ, ಬಾದಾಮಿ ಇವೆ ಎಂದು ಮೇಲೆ ಬರೆದು ಕಳಿಸಿ. ಹುನಗುಂದದ ಆ ತಾಯಿ ಈಗ ಕಟಗ ರೊಟ್ಟಿಯನ್ನು ಪುಟ್ಟದಾಗಿ, ಅಂಗೈಯಗಲ ಬಡಿದು, ನಡುವೆ ಪೇಪರ್ ಟವೆಲ್ ಇಟ್ಟು ತವರದ ಡಬ್ಬಿಯಲ್ಲಿ ಪಾರ್ಸೆಲ್ ಮಾಡುತ್ತಾಳೆ. ಮೂರು ದಿನಕ್ಕೆ ಮುಟ್ಟುತ್ತದೆ, ಒಡೆಯುವುದಿಲ್ಲ.

ಆಗಸ್ಟಿನ ಮೊದಲ ಎರಡು ಭಾನುವಾರ ನಾಲ್ಕು ಗಂಟೆಯ ಮೇಲೆ ನಾನೂ ನಮ್ಮ ಮನೆಯವರೂ ಮನೆಯಲ್ಲಿರುತ್ತೇವೆ, ಸಾಕ್ಷಿ ಹಾಕಲಿಕ್ಕೆ. ಕೂಟದ ಯಾರು ಬೇಕಾದರೂ ಬರಬಹುದು. ಮಗುವನ್ನು ಕರೆದುಕೊಂಡೇ ಬನ್ನಿ, ಅದರ ಗುರುತಿನ ಚೀಟಿ ಬೇಕು, ನಮೂನೆಯ ಎರಡೆರಡು ಪ್ರತಿ ಬೇಕು. ಮಗು ಓದಿ ಮುಗಿಸುವ ತನಕ ನಾವು ಯಾರೂ ಅವಸರ ಮಾಡುವುದಿಲ್ಲ. ಸಹಿಯಾದ ಮೇಲೆ ಊಟ ಇದೆ. ಊರಿಂದ ಬಂದವರೊಬ್ಬರು ಹೊಸ ಜೋಳದ ಹಿಟ್ಟು ತಂದುಕೊಟ್ಟಿದ್ದಾರೆ, ರೊಟ್ಟಿ ಚೆನ್ನಾಗಿ ಉಬ್ಬುತ್ತಿವೆ.