ಅಂಡಾಶಯದ ಗಡ್ಡೆಗೂ ಬುದ್ಧಿಭ್ರಮಣೆಗೂ ಏನು ನಂಟು?

ಪ್ರಶ್ನೆ: ನಮ್ಮ ಕಡೆಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದಳು, ಆಮೇಲೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಿತು. ಅಂಡಾಶಯದ ಗಡ್ಡೆಯೊಂದನ್ನು ತೆಗೆದು, ಬೇರೆ ಚಿಕಿತ್ಸೆಯನ್ನೂ ಕೊಟ್ಟ ಮೇಲೆ ಹುಷಾರಾದಳಂತೆ. ಹೊಟ್ಟೆಯೊಳಗಿನ ಗಡ್ಡೆ ತಲೆ ಕೆಡಿಸಬಲ್ಲದೇ?

ಉತ್ತರ: ಕೆಡಿಸಬಲ್ಲದು. ಪರೀಕ್ಷೆಯ ವರದಿ ನೋಡದೆ ಆಕೆಯ ವಿಷಯದಲ್ಲಿ ಖಚಿತವಾಗಿ ಹೇಳಲಾರೆ. ಆದರೆ ನಿಮ್ಮ ವಿವರಣೆ ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್‌ಸೆಫಲೈಟಿಸ್ ಎಂಬ ಮಿದುಳಿನ ಉರಿಯೂತಕ್ಕೆ ಚೆನ್ನಾಗಿ ಹೊಂದುತ್ತದೆ.

ಆ ಗಡ್ಡೆಗೆ ಟೆರಟೋಮಾ ಎನ್ನುತ್ತಾರೆ. ಅಂಡಾಣುವಾಗಬೇಕಿದ್ದ ಜೀವಕೋಶದಿಂದ ಅದು ಹುಟ್ಟುತ್ತದೆ. ಅಂಥ ಕೋಶಕ್ಕೆ ದೇಹದ ಯಾವ ಭಾಗವನ್ನಾದರೂ ಬೆಳೆಸುವ ಶಕ್ತಿಯಿರುವುದರಿಂದ ಗಡ್ಡೆಯೊಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ಕೂಡ ಸಿಗುತ್ತದೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಕೆಲವು ಗಡ್ಡೆಗಳಲ್ಲಿ ನರಕೋಶಗಳೂ ಬೆಳೆದಿರುತ್ತವೆ, ಅವುಗಳ ಮೈಮೇಲೆ ಮಿದುಳಿನಲ್ಲಿರುವಂಥದೇ ಎನ್‌ಎಂಡಿಎ ಗ್ರಾಹಕಗಳಿರುತ್ತವೆ. ಇರಬಾರದ ಜಾಗದಲ್ಲಿ ಸಿಕ್ಕ ಈ ಅಂಗಾಂಶವನ್ನು ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಮಿದುಳಿಗೆ ತಲುಪಿದ ಪ್ರತಿಕಾಯಗಳಿಗೆ ಗಡ್ಡೆಯ ಗ್ರಾಹಕ ಯಾವುದು, ಮಿದುಳಿನದು ಯಾವುದು ಎಂಬ ಭೇದ ತಿಳಿಯುವುದಿಲ್ಲ.

ನೆನಪು, ಕಲಿಕೆ, ವಾಸ್ತವದ ಅರಿವು ಇವೆಲ್ಲಕ್ಕೂ ಈ ಗ್ರಾಹಕ ಬೇಕು. ಪ್ರತಿಕಾಯ ಬಂದು ಅಂಟಿಕೊಂಡಾಗ ನರಕೋಶವು ಗ್ರಾಹಕಗಳನ್ನು ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ, ಹೊರಮೈಯಲ್ಲಿ ಅವು ವಿರಳವಾಗುತ್ತವೆ. ಅರಿವಳಿಕೆಗೆ ಬಳಸುವ ಕೆಟಮಿನ್ ತಡೆಯುವುದೂ ಇದೇ ಗ್ರಾಹಕವನ್ನು. ಆ ಔಷಧದ ಅಮಲಿನಲ್ಲಿ ಕೆಲವರಿಗೆ ಇಲ್ಲದ್ದು ಕಾಣುವುದಕ್ಕೂ ಈ ರೋಗಿಗಳ ಭ್ರಮೆಗಳಿಗೂ ಸಂಬಂಧವಿರುವುದು ಹೀಗೆ. ನನಗೆ ಬಹಳ ಮುಖ್ಯವೆನಿಸುವುದು ಮುಂದಿನ ಮಾತು: ಇಷ್ಟೆಲ್ಲ ಆದರೂ ಸಾಮಾನ್ಯವಾಗಿ ನರಕೋಶ ಸಾಯುವುದಿಲ್ಲ. ಪ್ರತಿಕಾಯ ತಗ್ಗಿದರೆ ಗ್ರಾಹಕಗಳು ಮತ್ತೆ ಮೇಲೆ ಬರುತ್ತವೆ. ತಿಂಗಳುಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಮಲಗಿದ್ದವರೂ ಎದ್ದು ಕಾಲೇಜಿಗೆ ಹೋಗಲು ಸಾಧ್ಯವಾಗುವುದು ಇದರಿಂದಲೇ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ನರವಿಜ್ಞಾನಿ ಜೋಸೆಪ್ ದಲ್ಮಾವು ಮತ್ತು ಸಂಗಡಿಗರು ಈ ಪ್ರತಿಕಾಯವನ್ನು ಗುರುತಿಸಿ ವರದಿ ಮಾಡಿದ್ದು 2007ರಲ್ಲಿ. ಅವರು ವಿವರಿಸಿದ 12 ಮಹಿಳೆಯರಲ್ಲಿ 11 ಮಂದಿಗೆ ಅಂಡಾಶಯದಲ್ಲಿ, ಒಬ್ಬರಿಗೆ ಎದೆಗೂಡಿನಲ್ಲಿ ಟೆರಟೋಮಾ ಇತ್ತು. ಹಾಗೆಂದು ಗಡ್ಡೆ ಇದ್ದೇ ಇರಬೇಕೆಂದಿಲ್ಲ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ ಗಡ್ಡೆ ಸಿಕ್ಕಿದ್ದು ಶೇ. 38 ಜನರಲ್ಲಿ ಮಾತ್ರ. ಗಂಡಸರಿಗೂ ಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಹರ್ಪಿಸ್ ವೈರಸ್ಸಿನ ಮಿದುಳು ಜ್ವರದಿಂದ ಚೇತರಿಸಿಕೊಂಡ ಕೆಲವರಲ್ಲಿ ವಾರಗಳ ನಂತರ ಇದು ತಲೆಯೆತ್ತುವುದುಂಟು. ಬಹಳ ಜನರಲ್ಲಿ ಕಾರಣ ಸಿಗುವುದೇ ಇಲ್ಲ.

ತೊಂದರೆಯಿರುವುದು ಮೊದಲ ದಿನಗಳಲ್ಲಿ. ಸಣ್ಣ ಜ್ವರ, ತಲೆನೋವು ಬಂದು ಹೋಗಿರುತ್ತದೆ. ಆಮೇಲೆ ನಿದ್ದೆ ಇಲ್ಲ, ಮನೆಯವರ ಮೇಲೇ ಅನುಮಾನ, ಯಾರೋ ಮಾತಾಡಿದಂತೆ ಕೇಳಿಸುವುದು, ಕಿರುಚಾಟ. ಮನೆಯವರು ಮನೋರೋಗವೆಂದೋ ಗಾಳಿ ಸೋಕಿದೆಯೆಂದೋ ಅಂದುಕೊಂಡರೆ ಅವರನ್ನು ದೂರಲಾಗದು, ನೋಡಲು ಹಾಗೆಯೇ ಇರುತ್ತದೆ. (2011ರಲ್ಲಿ ಬರ್ಲಿನ್ ಮೃಗಾಲಯದ ಕೊಳದಲ್ಲಿ ಬಿದ್ದು ಸತ್ತ ಹಿಮಕರಡಿ ಕ್ನುಟ್‌ಗೂ ಇದ್ದದ್ದು ಇದೇ ಕಾಯಿಲೆಯೆಂದು 2015ರಲ್ಲಿ ತಿಳಿಯಿತು. ಕರಡಿಗೆ ಯಾರು ಮಾಟ ಮಾಡಿಸಿಯಾರು?) ಆದರೆ ಆ ಬಳಿಕ ಬರುವ ಗುರುತುಗಳನ್ನು ಕಡೆಗಣಿಸಬಾರದು: ಫಿಟ್ಸ್, ಬಾಯಿ ತುಟಿಗಳ ತಾನಾಗಿ ಆಗುವ ಚಲನೆ, ಮಾತು ಕಡಿಮೆಯಾಗುತ್ತ ನಿಂತೇಹೋಗುವುದು, ಮೈ ಬಿಗಿಯುವುದು, ರಕ್ತದೊತ್ತಡ ಮತ್ತು ನಾಡಿಬಡಿತದ ಏರಿಳಿತ. ಕೆಲವರಿಗೆ ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಗುತ್ತದೆ. ಮನೋರೋಗದ ಇತಿಹಾಸವೇ ಇಲ್ಲದ ಎಳೆಯರಲ್ಲಿ ಕೆಲವೇ ದಿನಗಳಲ್ಲಿ ಇಷ್ಟು ಬದಲಾವಣೆ ಕಂಡರೆ ನರರೋಗ ತಜ್ಞರಿಗೂ ತೋರಿಸಲೇಬೇಕು.

ಎಂಆರ್‌ಐ ಸರಿಯಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಾಗಿರುವಂತಿಲ್ಲ. ಅನೇಕರಲ್ಲಿ ಅದು ಸಹಜವಾಗಿಯೇ ಬರುತ್ತದೆ. ಇಇಜಿಯಲ್ಲಿ ಸಾಮಾನ್ಯವಾಗಿ ದೋಷ ಕಾಣುತ್ತದೆ. ಕಾಯಿಲೆ ಖಚಿತವಾಗುವುದು ಪ್ರತಿಕಾಯ ಸಿಕ್ಕಾಗ. ಅದಕ್ಕೆ ರಕ್ತಕ್ಕಿಂತ ಬೆನ್ನಿನ ನೀರಿನ ಪರೀಕ್ಷೆ ಹೆಚ್ಚು ನಂಬಲರ್ಹ. ಬೆನ್ನಿನಿಂದ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂದು ಹೆದರಿ ಬೇಡವೆನ್ನುವವರಿದ್ದಾರೆ. ನುರಿತ ಕೈಯಲ್ಲಿ ಅದು ಸುರಕ್ಷಿತ, ಒಂದೆರಡು ದಿನ ತಲೆನೋವು ಬರಬಹುದು ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪ್ರತಿಕಾಯ ಪರೀಕ್ಷೆ ನಡೆಯುತ್ತದೆ. ಮನೋವೈದ್ಯರೂ ನರರೋಗ ತಜ್ಞರೂ ಒಂದೇ ಆವರಣದಲ್ಲಿ ಸಿಗುವುದು ಇಂಥ ಕಾಯಿಲೆಗೆ ದೊಡ್ಡ ಅನುಕೂಲ.

ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆಯಿಂದ ಚಿಕಿತ್ಸೆ ಶುರು. ಜಗ್ಗದಿದ್ದರೆ ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್. ಗಡ್ಡೆಯಿದ್ದರೆ ತೆಗೆಯಲೇಬೇಕು, ಪ್ರತಿಕಾಯಕ್ಕೆ ಪ್ರಚೋದನೆ ಅಲ್ಲಿಂದಲೇ. 577 ಜನರ ಆ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಶೇ. 81ರಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಸಿಕ್ಕವರಲ್ಲಿ ಫಲ ಹೆಚ್ಚು. ಎರಡು ವರ್ಷದೊಳಗೆ ಶೇ. 12ರಷ್ಟು ಜನರಿಗೆ ಕಾಯಿಲೆ ಮರುಕಳಿಸುವ ಸಾಧ್ಯತೆಯೂ ಕಂಡುಬಂದಿತ್ತು, ಆದ್ದರಿಂದ ತಪಾಸಣೆ ಮುಂದುವರಿಯಬೇಕು.

ಆ ಹುಡುಗಿಯ ಮನೆಯವರ ಪರಿಚಯವಿದ್ದರೆ ಇದೊಂದನ್ನು ಹೇಳಿ. ಸಾಮಾನ್ಯವಾಗಿ ಉಸಿರು, ಎಚ್ಚರ, ಮೈಯ ಹಿಡಿತ ಮೊದಲು ಮರಳುತ್ತವೆ. ನೆನಪು, ಏಕಾಗ್ರತೆ, ಸಿಟ್ಟನ್ನು ತಡೆದುಕೊಳ್ಳುವ ಶಕ್ತಿ ಮರಳುವುದು ಕೊನೆಗೆ, ಕೆಲವೊಮ್ಮೆ ವರ್ಷ ದಾಟಿದ ಮೇಲೆ. ಆಸ್ಪತ್ರೆಯಲ್ಲಿದ್ದ ದಿನಗಳು ಆಕೆಗೆ ನೆನಪೇ ಇರಲಿಕ್ಕಿಲ್ಲ. ಓಡಾಡುತ್ತಿದ್ದಾಳಲ್ಲ ಎಂದು ಈ ವರ್ಷವೇ ಪರೀಕ್ಷೆಗೆ ಕೂರಿಸುವ ಅವಸರ ಬೇಡ.