ಜೋಗದ ಜಲಪಾತವೂ ಮುದ್ದೇಬಿಹಾಳದ ಪ್ರವಾಸಿಗರೂ : ಒಂದು ಅಧ್ಯಯನ



ಆರಿದ್ರಾ ಮಳೆ ಹಿಡಿದು ಲಿಂಗನಮಕ್ಕಿಗೆ ನೀರು ಏರತೊಡಗಿತೆಂದರೆ ಸಾಗರ, ಸಿದ್ದಾಪುರದ ರಸ್ತೆಗಳಲ್ಲಿ ಬಯಲುಸೀಮೆಯ ವಾಹನಗಳು ಕಾಣತೊಡಗುತ್ತವೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯವರು ಹುಬ್ಬಳ್ಳಿ, ಶಿರಸಿ ಮಾರ್ಗವಾಗಿ ಬಂದು, ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಉಂಡು, ಜೋಗವನ್ನು ನೋಡಿ ಹೋಗುತ್ತಾರೆ. ಬೆಂಗಳೂರಿನ ಪ್ರವಾಸಿಯನ್ನು ಬಿಟ್ಟು ಮುದ್ದೇಬಿಹಾಳದವರನ್ನೇ ಈ ಪಾಠಕ್ಕೆ ಏಕೆ ಆರಿಸಿಕೊಂಡೆವೆಂದರೆ, ಅವರು ನಮ್ಮಂತೆಯೇ ರೈತರು. ಜಲಪಾತದೆದುರು ನಿಂತು ಅವರು ಕೇಳುವ ಪ್ರಶ್ನೆಗಳು ರೈತನ ಪ್ರಶ್ನೆಗಳು. ಅವಕ್ಕೆ ಉತ್ತರ ಹೇಳಬೇಕಾದರೆ ನಾವು ನಮ್ಮ ನೀರನ್ನೂ ಕಾಡನ್ನೂ ಕೊಂಚ ಓದಿಕೊಂಡಿರಬೇಕಾಗುತ್ತದೆ.

ಮೊದಲು ಜಲಪಾತದ ವಿಷಯ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಇಷ್ಟು ಚಿಕ್ಕ ನದಿ ಘಟ್ಟದ ಅಂಚಿಗೆ ಬಂದಾಗ ಇಳಿಜಾರು ಹುಡುಕುವ ಗೋಜಿಗೆ ಹೋಗದೆ ಒಮ್ಮೆಲೇ 253 ಮೀಟರ್, ಅಂದರೆ 830 ಅಡಿ, ಕೆಳಕ್ಕೆ ಧುಮುಕುತ್ತದೆ. ಗಾಳಿಯ ತಡೆ ಇಲ್ಲದಿದ್ದರೆ ಮೇಲಿನ ಹನಿ ಕೆಳಗೆ ಮುಟ್ಟಲು ಸುಮಾರು 7 ಸೆಕೆಂಡು ಸಾಕು. ಗಾಳಿ ಇರುವುದರಿಂದಲೇ ನೀರು ಒಡೆದು ಹೊಗೆಯಾಗುತ್ತದೆ, ಆ ಹೊಗೆ ಕಣಿವೆಯನ್ನೆಲ್ಲ ತುಂಬಿ ಅರ್ಧ ಗಂಟೆ ಏನೂ ಕಾಣದಂತೆ ಮಾಡುತ್ತದೆ. ದೂರದಿಂದ ಬಂದವರು ಇದಕ್ಕೆ ಬೇಸರಪಡುವುದುಂಟು. ಕಾದು ನಿಲ್ಲಿರಿ ಎಂದು ನಾವು ಹೇಳಬೇಕು. ಮಂಜು ಸರಿದು ಬಂಡೆ ಕಾಣುವ ಆ ಒಂದು ಕ್ಷಣವೇ ಜೋಗದ ನೋಟ.

ನಾಲ್ಕು ಧಾರೆಗಳ ಹೆಸರು ಎಲ್ಲರಿಗೂ ಗೊತ್ತು : ರಾಜಾ, ರೋರರ್, ರಾಕೆಟ್, ರಾಣಿ. ರಾಜಾ ಎಲ್ಲಿಯೂ ಬಂಡೆ ಮುಟ್ಟದೆ ನೇರ ಬೀಳುತ್ತದೆ. ರೋರರ್ ಓರೆಯಾದ ಕೊರಕಲಿನಲ್ಲಿ ಭೋರ್ಗರೆಯುತ್ತ ಬಂದು ರಾಜನ ಬದಿಗೆ ಸೇರಿಕೊಳ್ಳುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಇಳಿಯುತ್ತದೆ, ರಾಣಿ ಬಂಡೆಯ ಮೈಮೇಲೆ ಹರಡಿಕೊಂಡು ಜಾರುತ್ತಾಳೆ. ಇದಕ್ಕಿಂತ ಎತ್ತರದ ಜಲಪಾತಗಳಿಲ್ಲವೆಂದಲ್ಲ. ನಮ್ಮದೇ ಘಟ್ಟದಲ್ಲಿ ವಾರಾಹಿಯ ಕುಂಚಿಕಲ್ ಹಂತ ಹಂತವಾಗಿ 455 ಮೀಟರ್ ಇಳಿಯುತ್ತದೆ, ಮೇಘಾಲಯದ ನೊಹ್ಕಲಿಕಾಯ್ 340 ಮೀಟರ್. ವೆನೆಜುವೆಲಾದ ಕಾಡಿನಲ್ಲಿರುವ ಏಂಜೆಲ್ ಜಲಪಾತದ ಎತ್ತರ 979 ಮೀಟರ್. ಎಷ್ಟನೆಯ ಸ್ಥಾನ ಎಂಬ ವಾದದಲ್ಲಿ ಕಾಲ ಕಳೆಯುವುದು ವ್ಯರ್ಥವೆಂದು ನಮ್ಮ ಅಭಿಪ್ರಾಯ. ಮಳೆ, ಕಾಡು, ಬಂಡೆ ಮೂರೂ ಒಂದೇ ನೋಟಕ್ಕೆ ಸಿಗುವುದು ಮುಖ್ಯ. ಕೆ.ಎಸ್. ನಿಸಾರ್ ಅಹಮದ್ ಅವರು ‘ನಿತ್ಯೋತ್ಸವ’ದಲ್ಲಿ ನಾಡನ್ನು ವರ್ಣಿಸಲು ಹೊರಟಾಗ ಜೋಗದಿಂದಲೇ ಆರಂಭಿಸಿದರಷ್ಟೆ.

ಮುದ್ದೇಬಿಹಾಳದವರಿಗೆ ಜೋಗದ ಮೇಲೆ ಹಳೆಯ ಹಕ್ಕೂ ಒಂದಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. 1956ರ ನವೆಂಬರ್ 1ರವರೆಗೆ ಬಿಜಾಪುರ ಜಿಲ್ಲೆಯೂ ಉತ್ತರ ಕನ್ನಡ ಜಿಲ್ಲೆಯೂ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಜೋಗದ ಬಳಿ ಶರಾವತಿಯೇ ಗಡಿ. ಈಚೆಯ ದಂಡೆ ಮೈಸೂರಿನದು, ಆಚೆಯ ದಂಡೆ ಮುಂಬಯಿಯದು. ಎರಡು ದಂಡೆಗಳಲ್ಲಿಯೂ ಪ್ರತ್ಯೇಕ ಪ್ರವಾಸಿ ಬಂಗಲೆಗಳಿದ್ದವು. ಒಂದೇ ಭಾಷೆಯ ಜನ ಒಂದೇ ನೀರನ್ನು ಎರಡು ಸರ್ಕಾರಗಳ ಕೆಳಗೆ ನಿಂತು ನೋಡಬೇಕಾಗಿತ್ತು.

ಇನ್ನು ಪ್ರಶ್ನೆಗೆ ಬರೋಣ. ಆ ಕಡೆಯ ಹಿರಿಯರು ಮೊದಲು ಕೇಳುವುದು ಹೆಚ್ಚುಕಡಿಮೆ ಇದನ್ನೇ : “ಅಲ್ರೀ ಯಜಮಾನ್ರ, ಇಷ್ಟ್ ನೀರು ಸುಮ್ಮ ಸಮುದ್ರಕ್ಕ ಹೊಂಟೈತಲ್ರೀ?” ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಜಿಲ್ಲೆಯವರು ಹೀಗೆ ಕೇಳುವುದು ಸಹಜ. ನಮ್ಮ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿಲಿಮೀಟರ್ ದಾಟುವುದುಂಟು. ಆದರೆ ಈ ಪ್ರಶ್ನೆಗೆ ನಗುವುದಾಗಲಿ, ಹೌದೆಂದು ತಲೆಯಾಡಿಸುವುದಾಗಲಿ ಸಲ್ಲದು. ಉತ್ತರ ಹೀಗಿದೆ.

ಒಂದು ಕ್ಯೂಸೆಕ್ ನೀರು ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅಷ್ಟು ನೀರು 253 ಮೀಟರ್ ಎತ್ತರದಿಂದ ಬಿದ್ದರೆ ಲೆಕ್ಕದ ಪ್ರಕಾರ ಸುಮಾರು 70 ಕಿಲೋವಾಟ್ ಶಕ್ತಿ. ಯಂತ್ರದಲ್ಲಿ ಆಗುವ ನಷ್ಟ ಕಳೆದರೂ 5 ಎಚ್.ಪಿ.ಯ ಹದಿನೈದು ಪಂಪ್‌ಸೆಟ್ಟುಗಳನ್ನು ಓಡಿಸಲು ಸಾಕು. ಈ ಲೆಕ್ಕವನ್ನು ಹಿಂದಿನವರು ಚೆನ್ನಾಗಿಯೇ ಮಾಡಿದ್ದರು. 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರಕ್ಕೆ ಆಮೇಲೆ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಲ್ಲಿಯ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಇಳಿದು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಅದರ ಸಾಮರ್ಥ್ಯ 1,035 ಮೆಗಾವಾಟ್. ಕೆಳಗೆ ಗೇರುಸೊಪ್ಪದಲ್ಲಿ ಅದೇ ನೀರಿನಿಂದ ಮತ್ತೆ 240 ಮೆಗಾವಾಟ್. ಆದ್ದರಿಂದ “ಸುಮ್ಮನೆ ಹೋಗುವ ನೀರು ತೀರ ಕಡಿಮೆ, ನಿಮ್ಮ ಊರಿನ ಪಂಪ್‌ಸೆಟ್ಟಿಗೂ ಇದರ ಪಾಲು ಬಂದಿದೆ” ಎಂದು ನಾವು ಧೈರ್ಯವಾಗಿ ಹೇಳಬಹುದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಪಾಠ ಅರ್ಧವಾಗುತ್ತದೆ. ನೀರು ಕೊಳವೆಗೆ ಹೋದ ಮೇಲೆ ಬಂಡೆಗೆ ಉಳಿಯುವುದು ಎಷ್ಟು? ಬೇಸಿಗೆಯಲ್ಲಿ ಬಂದವರಿಗೆ ಕಾಣುವುದು ನಾಲ್ಕು ಎಳೆ ದಾರ, ಉಳಿದದ್ದು ಒಣ ಬಂಡೆ. ಜಲಾಶಯದ ಮಟ್ಟ 1,819 ಅಡಿಯ ಹತ್ತಿರ ಬಂದು ಬಾಗಿಲು ತೆರೆದರೆ ಮಾತ್ರ ಹಳೆಯ ಜೋಗ. ಅದು ಪ್ರತಿ ವರ್ಷವೂ ಆಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಬಿದ್ದ ನೀರನ್ನೇ ಮತ್ತೆ ಮೇಲಕ್ಕೆ ಪಂಪ್ ಮಾಡಿ ವರ್ಷವಿಡೀ ಜಲಪಾತ ತೋರಿಸುವ ಯೋಜನೆಯ ಮಾತೂ ಎದ್ದಿತ್ತು. ನಮಗೆ ಅದು ಹಿಡಿಸಲಿಲ್ಲ. ಮಳೆಗಾಲದ ವಸ್ತುವನ್ನು ಮಳೆಗಾಲದಲ್ಲಿಯೇ ನೋಡಲಿ.

ಮುಳುಗಡೆಯ ಸಂಗತಿಯಂತೂ ಮುದ್ದೇಬಿಹಾಳದವರಿಗೆ ವಿವರಿಸಿ ಹೇಳಬೇಕಾಗಿಯೇ ಇಲ್ಲ. ಕೃಷ್ಣೆಗೆ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅಲ್ಲಿಯ ಮತ್ತು ನಾರಾಯಣಪುರದ ಹಿನ್ನೀರಿಗೆ ಮುದ್ದೇಬಿಹಾಳ, ಹುನಗುಂದ, ಬಾಗಲಕೋಟೆ ಸೀಮೆಯ ಹೊಲ, ಮನೆ, ಗುಡಿಗಳು ಹೋದವು. ಇತ್ತ ಲಿಂಗನಮಕ್ಕಿಗೆ ಸಾಗರ, ಹೊಸನಗರ ಭಾಗದ ಅಡಿಕೆ ತೋಟಗಳೂ ಗದ್ದೆಗಳೂ ಹೋದವು. ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನೀರು ಬತ್ತಿದ ಬೇಸಿಗೆಯಲ್ಲಿ ಮಡೆನೂರಿನ ಬಳಿ ಅದು ಈಗಲೂ ತಲೆ ಎತ್ತುತ್ತದೆ. ಶರಾವತಿ ಸಂತ್ರಸ್ತರಲ್ಲಿ ಅನೇಕರ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಮುಳುಗಡೆಯಾದ ಎರಡು ಸೀಮೆಗಳ ಜನ ಜೋಗದ ಕಟ್ಟೆಯ ಮೇಲೆ ಹತ್ತು ನಿಮಿಷ ಮಾತಾಡಿದರೆ ಜಲಪಾತದ ವರ್ಣನೆ ಹಿಂದೆ ಬಿದ್ದು ಪರಿಹಾರದ ದರ ಮುಂದೆ ಬರುತ್ತದೆ.

ಎರಡನೆಯ ಪ್ರಶ್ನೆ ಕಾಡಿನದು. “ಈ ಗಿಡಗಂಟಿ ಕಡದು ಹೊಲಾ ಮಾಡಬಾರದೇನ್ರೀ?” ಇದಕ್ಕೆ ಉತ್ತರ ಅವರ ಹೊಲದಲ್ಲಿಯೇ ಇದೆ. ಮುದ್ದೇಬಿಹಾಳದ ಎರೆ ಭೂಮಿಯು ಮಳೆಯನ್ನು ಕುಡಿದು ಇಟ್ಟುಕೊಳ್ಳುತ್ತದೆ. ಆ ಹಸಿಯ ಮೇಲೆಯೇ ಹಿಂಗಾರಿ ಬಿಳಿಜೋಳ ತೆನೆ ಬಿಡುತ್ತದೆ. ಅಲ್ಲಿ ಮಣ್ಣು ಮಾಡುವ ಕೆಲಸವನ್ನು ಇಲ್ಲಿ ಕಾನು ಮಾಡುತ್ತದೆ. ನಮ್ಮ ಇಳಿಜಾರಿನ ಮಣ್ಣು ತಾನಾಗಿ ಅಷ್ಟು ನೀರನ್ನು ಹಿಡಿಯಲಾರದು. ಮೇಲಿನ ಎಲೆಗಳು ಹನಿಯ ಪೆಟ್ಟು ತಡೆಯಬೇಕು, ಕೆಳಗಿನ ದರಗು ನೀರನ್ನು ನಿಧಾನಿಸಬೇಕು, ಬೇರು ಅದನ್ನು ಒಳಕ್ಕೆ ಇಳಿಸಬೇಕು. ಆಗ ಏಪ್ರಿಲಿನಲ್ಲಿಯೂ ತೋಟದ ಮೇಲಿನ ಒರತೆ ಜಿನುಗುತ್ತದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಾತಿಯ ಮರಗಳು ಜೌಗಿನಲ್ಲಿಯೇ ನಿಂತು, ಉಸಿರಾಟಕ್ಕೆಂದು ಬೇರನ್ನು ಮಂಡಿ ಮಡಿಸಿದಂತೆ ಮೇಲಕ್ಕೆ ಎತ್ತಿಕೊಂಡಿರುವುದನ್ನು ನೋಡಬಹುದು. ಉಪ್ಪಾಗೆ, ಮುರುಗಲು, ಧೂಪ ಇವೆಲ್ಲ ಆ ಕಾಡಿನ ಸದಸ್ಯರು. ಉಪ್ಪಾಗೆ ಹಣ್ಣಿಗೆ ನಮ್ಮ ಜೊತೆ ಪೈಪೋಟಿ ನಡೆಸುವ ಸಿಂಗಳೀಕ ಪಶ್ಚಿಮ ಘಟ್ಟದ ಹೊರಗೆ ಜಗತ್ತಿನಲ್ಲಿ ಎಲ್ಲಿಯೂ ಸಹಜವಾಗಿ ಇಲ್ಲ. ಅದಕ್ಕೆಂದೇ 2019ರಲ್ಲಿ ಶರಾವತಿ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿದರು.

ಸೊಪ್ಪಿನ ಬೆಟ್ಟದ ಮಾತೂ ಇಲ್ಲಿ ಬರುತ್ತದೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯ ತನಕ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಕೆಲವರು ಅದನ್ನು ಬೋಳು ಮಾಡಿಟ್ಟುಕೊಂಡು ಬೇಸಿಗೆಯಲ್ಲಿ ಬಾವಿ ಬತ್ತಿತೆಂದು ಗೊಣಗುತ್ತಾರೆ. ಹೆಸರು ಹೇಳುವುದು ಬೇಡ, ಎಲ್ಲ ಊರಿನಲ್ಲಿಯೂ ಒಬ್ಬಿಬ್ಬರಿದ್ದಾರೆ.

ಅಂದ ಹಾಗೆ, ಕೃಷ್ಣೆ ಹುಟ್ಟುವುದೂ ಇದೇ ಘಟ್ಟದಲ್ಲಿ, ಮಹಾಬಲೇಶ್ವರದಲ್ಲಿ. ಘಟ್ಟದ ಪಶ್ಚಿಮಕ್ಕೆ ಬಿದ್ದ ಮಳೆ ಒಂದೆರಡು ದಿನದಲ್ಲಿ ಸಮುದ್ರ ಸೇರಿದರೆ, ಪೂರ್ವಕ್ಕೆ ಬಿದ್ದದ್ದು ನೂರಾರು ಮೈಲಿ ನಡೆದು ಆಲಮಟ್ಟಿಗೆ ಬರುತ್ತದೆ. ಮುದ್ದೇಬಿಹಾಳದ ಆಕಾಶದಲ್ಲಿ ಮೋಡವಿಲ್ಲದಿದ್ದರೂ ಹೊಳೆ ತುಂಬುವುದು ಇದರಿಂದಲೇ. ಈ ಮಾತನ್ನು ಹೇಳಿದರೆ ಅವರು ಕಾಡನ್ನು ನೋಡುವ ರೀತಿ ಬೇರೆಯಾಗುತ್ತದೆ.

ಈಗ ತಳಕಳಲೆಗೂ ಗೇರುಸೊಪ್ಪಕ್ಕೂ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಸದಸ್ಯರೆಲ್ಲರ ಬಾಯಲ್ಲಿದೆ. ಬೇಡಿಕೆ ಕಡಿಮೆ ಇರುವಾಗ ಕೆಳಗಿನ ನೀರನ್ನು ಮೇಲೆತ್ತುವುದು, ಬೇಡಿಕೆ ಹೆಚ್ಚಿದಾಗ ಬಿಟ್ಟು ವಿದ್ಯುತ್ ಪಡೆಯುವುದು ಇದರ ತತ್ತ್ವ. ಎತ್ತಲು ತಗಲುವ ವಿದ್ಯುತ್ತು ಮರಳಿ ಬರುವುದಕ್ಕಿಂತ ಹೆಚ್ಚೇ. ಆದರೆ ಇದು ಉತ್ಪಾದನೆಗಿಂತ ಸಂಗ್ರಹದ ಏರ್ಪಾಡಾದ್ದರಿಂದ ಅಷ್ಟಕ್ಕೇ ತಳ್ಳಿಹಾಕುವಂತಿಲ್ಲ. ನಮ್ಮ ಆಕ್ಷೇಪ ಬೇರೆ. ಸುರಂಗ, ರಸ್ತೆಗಳೆಲ್ಲ ಹೋಗಬೇಕಾದದ್ದು ಈಗ ತಾನೇ ಅಭಯಾರಣ್ಯವೆಂದು ಕರೆದ ಕಣಿವೆಯಲ್ಲಿ. ಮಳೆಗಾಲದಲ್ಲಿ ಕುಸಿಯುವ ಇಳಿಜಾರು ನಮ್ಮದು. ಒಂದು ಕಣಿವೆ ಎಷ್ಟು ಸಲ ಕೊಡಬೇಕು?

ಪ್ರವಾಸಿಗರಿಂದ ಆದಾಯವುಂಟೆ ಎಂಬುದು ಸದಸ್ಯರ ಮುಂದಿರುವ ನೇರ ಪ್ರಶ್ನೆ. ಉಂಟು. ಕೊಡಗಿನ ಅಬ್ಬಿ ಜಲಪಾತಕ್ಕೆ ಜನ ಕಾಫಿ ತೋಟದ ನಡುವೆಯೇ ನಡೆದು ಹೋಗುತ್ತಾರೆ, ಅನೇಕರು ಗಿಡದಲ್ಲಿ ಕಾಫಿ ಹಣ್ಣನ್ನು ಮೊದಲು ಕಾಣುವುದೇ ಅಲ್ಲಿ. ನಮ್ಮಲ್ಲಿಯೂ ಮನೆಯಲ್ಲಿ ಎರಡು ಕೋಣೆ ಬಿಟ್ಟುಕೊಟ್ಟು, “ಬನ್ನಿ, ಆಸರಿಗೆ ಏನು ಬೇಕು?” ಎಂದು ಕರೆದು ನಡೆಸುವವರಿದ್ದಾರೆ. ಆದರೆ ಲೆಕ್ಕ ಹಾಕುವಾಗ ಒಂದು ಸಂಗತಿ ಮರೆಯಬಾರದು. ಜೋಗ ತುಂಬಿ ಪ್ರವಾಸಿ ಹಿಗ್ಗುವ ವಾರವೇ ತೋಟದಲ್ಲಿ ಕೊಳೆ ರೋಗದ ವಾರ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠ. ಹೊಡೆಯಲು ಬಿಡುವು ಕೊಡದ ಮಳೆ, ಕೊನೆಗೌಡರು ಸಿಗದ ದಿನ, ಅದರ ಮೇಲೆ ಮನೆ ತುಂಬ ಅತಿಥಿಗಳು! ದುಡಿಯುವ ಕೈ ಎರಡೇ ಇರುವ ಮನೆಯವರು ಎರಡಕ್ಕೂ ಕೈ ಹಾಕುವ ಮೊದಲು ಮನೆಯ ಹೆಂಗಸರನ್ನು ಕೇಳಿರಿ. ಹೆಚ್ಚಿನ ಕೆಲಸ ಬೀಳುವುದು ಅವರ ಮೇಲೆ.

ಬಂದವರಿಗೆ ತಿಳಿಸತಕ್ಕ ಕೆಲವು ಮಾತು. ಪಾಚಿ ಹಿಡಿದ ಬಂಡೆಯ ಮೇಲೆ ಹೆಜ್ಜೆ ಇಡಬಾರದು, ನಮ್ಮ ಜಲಪಾತಗಳಲ್ಲಿ ಜೀವ ಹೋಗುವುದು ಹೆಚ್ಚಾಗಿ ಹೀಗೆಯೇ. ಸುಮಾರು 1,400 ಮೆಟ್ಟಿಲು ಇಳಿಯುವುದು ಸುಲಭ, ಹತ್ತುವುದು ಮಂಡಿನೋವಿನವರಿಗೆ ಆಗದ ಕೆಲಸ. ಉಂಬಳಕ್ಕೆ ಹೆದರಬೇಕಾಗಿಲ್ಲ, ಉಪ್ಪೋ ಸುಣ್ಣವೋ ಸಾಕು. ಹೆದರಬೇಕಾದದ್ದು ಬೇಸಿಗೆಯ ಉಣುಗಿಗೆ. ಮಂಗನ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. 2019ರಲ್ಲಿ ಅದು ಜೋಗದಿಂದ ಹೆಚ್ಚು ದೂರವಲ್ಲದ ಅರಲಗೋಡಿನಲ್ಲಿ ಜೀವಗಳನ್ನು ತೆಗೆದುಕೊಂಡಿತು. ಡಿಸೆಂಬರಿನಿಂದ ಮೇ ತನಕ ಅತಿಥಿಗಳನ್ನು ಕಾಡಿನೊಳಗೆ ತಿರುಗಾಡಿಸಬೇಡಿರಿ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸಿರಿ.

ರೈಲಿನಲ್ಲಿ ಬರುವವರಿಗೆ ತಾಳಗುಪ್ಪ ಕೊನೆಯ ನಿಲ್ದಾಣ. ಮುದ್ದೇಬಿಹಾಳ ಪಟ್ಟಣಕ್ಕೆ ರೈಲಿಲ್ಲದ ಕಾರಣ ಆ ಕಡೆಯವರಿಗೆ ರಸ್ತೆಯೇ ಅನುಕೂಲ. ಹೊರಡುವ ಮೊದಲು ಲಿಂಗನಮಕ್ಕಿಯ ಮಟ್ಟವನ್ನು ದಿನಪತ್ರಿಕೆಯಲ್ಲಿ ನೋಡಿಕೊಳ್ಳಲು ಹೇಳಿರಿ. ಅದೇ ಅಂಕಿಯನ್ನು ಗೇರುಸೊಪ್ಪದಿಂದ ಕೆಳಗೆ ಹೊಳೆಯ ದಂಡೆಯಲ್ಲಿ ತೋಟವಿರುವ ನಮ್ಮ ಸದಸ್ಯರೂ ದಿನವೂ ನೋಡತಕ್ಕದ್ದು. ಮಟ್ಟ 1,815 ದಾಟಿದ ಮೇಲೆ ಮುನ್ನೆಚ್ಚರಿಕೆಯ ಪ್ರಕಟಣೆಗೆ ಕಾಯದೆ ಪಂಪ್‌ಸೆಟ್ಟುಗಳನ್ನು ಮೇಲಿನ ದಂಡೆಗೆ ಸಾಗಿಸಿಕೊಳ್ಳಿರಿ.